ಕಾಲುಪೇಟಿಗೆ ಕ್ಲಚ್ಚಿನ ರಬ್ಬರು

ಮೊನ್ನೆ ಪೇಟಿ ರಿಪೇರಿಯವನು ಬಂದಿದ್ದ. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅನ್ನುತ್ತೇವೆ. ನಮ್ಮ ಮನೆಯಲ್ಲಿರುವುದು ಕಾಲುಪೇಟಿ. ಮೇಜಿನಷ್ಟು ಎತ್ತರ. ಕುರ್ಚಿಯ ಮೇಲೆ ಕೂತು ಕೆಳಗಿನ ಎರಡು ಪೆಡಲುಗಳನ್ನು ಎಡ ಬಲ, ಎಡ ಬಲ ಎಂದು ತುಳಿಯುತ್ತಿದ್ದರೆ ಒಳಗಿನ ತಿದಿಗೆ ಗಾಳಿ ಹೋಗುತ್ತದೆ, ಎರಡೂ ಕೈ ಸ್ವರಕ್ಕೆ ಬಿಡುವಾಗಿರುತ್ತವೆ. ರಿಪೇರಿಯವನು ನೆಲದ ಮೇಲೆ ಅಂಗಾತ ಮಲಗಿ, ಬ್ಯಾಟರಿ ಬಿಟ್ಟು ಪೆಡಲುಗಳನ್ನು ನೋಡಿದ. ಬಲಗಾಲಿನದಕ್ಕೆ ಹಳೆಯ ಜಮಖಾನೆಯ ತುಂಡು ಬಡಿದಿದೆ. ಎಡಗಾಲಿನದಕ್ಕೆ ಗೀರುಗೀರಿನ ಕಪ್ಪು ರಬ್ಬರು.

"ಅಕ್ಕೋರ, ಇದು ಪೇಟಿ ಸಾಮಾನ ಅಲ್ರಿ. ಮೋಟಾರಿಂದು ಅದ" ಎಂದ.

"ಹೌದಪ್ಪ, ನಮ್ಮ ಹಳೇ ಕಾರಿನ ಕ್ಲಚ್ಚಿಂದು. ಕಾರು ಹೋತು, ಇದನ್ನ ಪೇಟಿಗಿ ಬಡದಿಟ್ಟೀನಿ."

"ಪೇಟಿಗೆ ಕ್ಲಚ್ ಯಾಕ ಬೇಕ್ರಿ?"

"ಬೇಕಾಗ್ತದ" ಎಂದೆ. ಅವನು ಮುಂದೆ ಕೇಳಲಿಲ್ಲ. ವಯಸ್ಸಾದವರ ಜೊತೆ ವಾದ ಮಾಡಬಾರದು ಎಂದು ಯಾರೋ ಅವನಿಗೆ ಕಲಿಸಿರಬೇಕು. ಒಂದು ಸ್ವರ ಬಿಚ್ಚಿ ಒರೆಸಿ ಹಾಕಿ, ಚಹಾ ಕುಡಿದು ಹೋದ. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು ನಾನು, ಕೇಳುವವರು ಸಿಕ್ಕರೆ ಗಂಟೆ ಹೊಡೆಯುವತನಕ ಬಿಡುವುದಿಲ್ಲ. ಅವನು ತಪ್ಪಿಸಿಕೊಂಡ, ನೀವು ಸಿಕ್ಕಿದ್ದೀರಿ.

ಪೇಟಿ ಚಿಂಚೋಳಿಯದು, ನಾನೂ ಚಿಂಚೋಳಿಯವಳು. ಇಬ್ಬರಲ್ಲಿ ಅದೇ ದೊಡ್ಡದು. ನಮ್ಮಪ್ಪ ಅಲ್ಲಿ ಶಾಲಾ ಮಾಸ್ತರರು. ನಾನು ಹುಟ್ಟುವ ಮೊದಲು ಒಂದು ನಾಟಕ ಕಂಪನಿ ಊರಿಗೆ ಬಂದಿತ್ತಂತೆ. ಎರಡನೆಯ ಆಟಕ್ಕೇ ಜಡಿಮಳೆ ಹಿಡಿದು, ಪರದೆಗಳೆಲ್ಲ ತೊಯ್ದು, ರಾಜ ಒಂದು ದಿಕ್ಕಿಗೆ ರಾಣಿ ಒಂದು ದಿಕ್ಕಿಗೆ ಹೊರಟುಹೋದರು. ಕಂಪನಿಯ ಪೇಟಿ ಬಾರಿಸುವವರು ಜ್ವರ ಹಿಡಿದು ನಮ್ಮ ಪಡಸಾಲೆಯಲ್ಲಿ ಒಂದು ತಿಂಗಳು ಮಲಗಿದ್ದರು. ಗಂಜಿ ಕುಡಿದು, ಎದ್ದು ಓಡಾಡುವಂತಾದ ಮೇಲೆ, "ಮಾಸ್ತರ, ಇದನ್ನ ಹೊತ್ತು ತಿರುಗೋ ತಾಕತ್ತು ನನ್ನಲ್ಲಿ ಉಳದಿಲ್ಲ. ನಿಮ್ಮನ್ಯಾಗೇ ಇರಲಿ, ದಿನಾ ಒಂದ್ಸಲ ಮಾತಾಡಸ್ರಿ" ಎಂದು ಹೇಳಿ ಪೇಟಿ ಬಿಟ್ಟುಹೋದರು. ಅಪ್ಪ ಆ ಮಾತನ್ನು ಸಾಯುವತನಕ ನಡೆಸಿದರು.

ನಾನು ಕಲಿಯಲು ಕೂತಾಗ ನನ್ನ ಕಾಲು ಪೆಡಲಿಗೆ ಎಟುಕುತ್ತಿರಲಿಲ್ಲ. ಅಪ್ಪ ಪಕ್ಕದಲ್ಲಿ ಕೂತು ತುಳಿಯುತ್ತಿದ್ದರು, ನಾನು ಸ್ವರ ಒತ್ತುತ್ತಿದ್ದೆ. ಪೇಟಿಯ ಬಿಳಿ, ಕರಿ ಪಟ್ಟಿಗಳಿಗೆ ಮನೆ ಅನ್ನುತ್ತಾರೆ. ತಪ್ಪು ಮನೆ ಒತ್ತಿದರೆ ಅವರು ಬಯ್ಯುತ್ತಿರಲಿಲ್ಲ, ತುಳಿಯುವುದನ್ನು ನಿಲ್ಲಿಸುತ್ತಿದ್ದರು. ಪೇಟಿ ಕೊಂಯ್ ಎಂದು ದನಿ ಇಳಿಸಿ ಸುಮ್ಮನಾಗುತ್ತಿತ್ತು. ಆ ಮೌನಕ್ಕೆ ನಾನು ಹೆದರಿದಷ್ಟು ಯಾವ ಛಡಿಗೂ ಹೆದರಲಿಲ್ಲ. ಹತ್ತನೆಯ ವರ್ಷಕ್ಕೆ ಕಾಲು ಎಟುಕಿತು. ಆಗ ಬೇರೆ ತಕರಾರು ಶುರುವಾಯಿತು. ಹೆಣ್ಣುಮಗಳು ಕೂತಲ್ಲಿ ಕಾಲು ಆಡಿಸಿದರೆ ಮನೆಗೆ ದರಿದ್ರ ಬರುತ್ತದೆ ಎಂದು ನಮ್ಮಜ್ಜಿ ಒಳಗಿನಿಂದ ಕೂಗುತ್ತಿದ್ದಳು.

"ಅವ್ವ, ಅದು ಕಾಲಲ್ಲ, ಪೇಟಿ ಉಸರು" ಎನ್ನುತ್ತಿದ್ದರು ಅಪ್ಪ.

"ಉಸರಿದ್ರ ಮೂಗಿನಾಗ ಇರಬೇಕು" ಎನ್ನುತ್ತಿದ್ದಳು ಅಜ್ಜಿ.

ಗಡಿಯ ಆಚೆಯಿಂದ ಬುಟ್ಟಿ ಹೊತ್ತು ಬರುತ್ತಿದ್ದ ಕಾಯಿಪಲ್ಲೆಯವಳು ಮಾತ್ರ ನನ್ನ ಪಕ್ಷ. ಕಟ್ಟೆಯ ಮೇಲೆ ಬುಟ್ಟಿ ಇಳಿಸಿ, "ಇಂಕೊಕಟಿ ವಾಯಿಂಚಮ್ಮಾ" ಎಂದು ತೆಲುಗಿನಲ್ಲಿ ಇನ್ನೊಂದಕ್ಕೆ ಬೇಡುತ್ತಿದ್ದಳು. ಬದನೆಕಾಯಿ ಬಾಡಿದರೂ ಏಳುತ್ತಿರಲಿಲ್ಲ. ನನ್ನ ಮೊದಲ ಮತ್ತು ಕೊನೆಯ ಅಭಿಮಾನಿ ಅವಳೇ ಎಂದು ಈಗ ಅನ್ನಿಸುತ್ತದೆ.

ಇಪ್ಪತ್ತಕ್ಕೆ ಮದುವೆಯಾಗಿ ವಾಡಿಗೆ ಬಂದೆ. ನಮ್ಮವರು ಸಿಮೆಂಟು ಕಾರ್ಖಾನೆಯ ಆಫೀಸಿನಲ್ಲಿದ್ದರು. ಎರಡು ಕೋಣೆಯ ಕ್ವಾರ್ಟರ್ಸು, ನೆಲಕ್ಕೆ ಫರ್ಸಿ ಹಾಸುಗಲ್ಲು, ಕಿಟಕಿಯ ಮೇಲೆ ಎಷ್ಟು ಒರೆಸಿದರೂ ಹೋಗದ ಬೂದಿ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಕುರ್ಚಿ ಎರಡು. ಒಂದರ ಮೇಲೆ ನಮ್ಮವರು ಕೂಡುತ್ತಿದ್ದರು, ಇನ್ನೊಂದು ಬಂದು ಹೋಗುವವರಿಗೆ. ಅತ್ತೆ ಗೋಡೆಗೆ ಒರಗಿ ನೆಲದ ಮೇಲೆ. ಅತ್ತೆ ನೆಲದ ಮೇಲಿರುವಾಗ ಸೊಸೆ ಕುರ್ಚಿಯ ಮೇಲೆ ಕೂಡುವುದು ನಮ್ಮಲ್ಲಿ ಇರಲಿಲ್ಲ. ಕೂಡಬೇಡ ಎಂದು ಯಾರೂ ನನಗೆ ಹೇಳಿದ್ದಿಲ್ಲ. ಉಪ್ಪು ತುಳಿಯಬೇಡ ಎಂದು ಯಾರಾದರೂ ಹೇಳಿರುತ್ತಾರೆಯೆ? ಅದು ಹಾಗೆಯೇ ಗೊತ್ತಿರುತ್ತದೆ.

ಈಗ ನಿಮಗೆ ನನ್ನ ತೊಡಕು ಅರ್ಥವಾಗಿರಬೇಕು. ಕೈಪೇಟಿಯಾಗಿದ್ದರೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಬಾರಿಸಬಹುದಿತ್ತು. ಕಾಲುಪೇಟಿಗೆ ಕುರ್ಚಿ ಬೇಕು. ಕುರ್ಚಿಯ ಮೇಲೆ ಕೂತು, ಕೆಳಗೆ ಕೂತ ಅತ್ತೆಯ ಕಣ್ಣಿನ ಮಟ್ಟಕ್ಕೆ ಎರಡೂ ಕಾಲು ಆಡಿಸುತ್ತಾ ಇರಬೇಕು. ಅದಕ್ಕಿಂತ ಚಪ್ಪಲಿ ಹಾಕಿಕೊಂಡು ದೇವರ ಕೋಣೆಗೆ ಹೋಗುವುದು ಸುಲಭವಿತ್ತು. "ಪೇಟಿ ಕಳಿಸಲೇನು?" ಎಂದು ಅಪ್ಪ ಬರೆದಿದ್ದರು. "ಇಲ್ಲಿ ಜಾಗ ಸಾಲದು" ಎಂದು ನಾನು ಬರೆದೆ. ಅದು ಸುಳ್ಳೂ ಅಲ್ಲ. ಆದರೂ ಆ ಕಾರ್ಡು ಟಪಾಲು ಡಬ್ಬಿಗೆ ಹಾಕಿ ಬಂದ ದಿನ ನಾನು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತಿದ್ದೆ.

ಅತ್ತೆ ಕೆಟ್ಟವರಲ್ಲ. ಅವರನ್ನು ಕೆಟ್ಟವರನ್ನಾಗಿ ಮಾಡಿದ್ದರೆ ಈ ಕಥೆ ನನಗೆ ಭಾಳ ಸಲೀಸಾಗುತ್ತಿತ್ತು. ನಾನು ಚಿತ್ತಾಪುರದ ಶಾಲೆಯಲ್ಲಿ ಕೆಲಸಕ್ಕೆ ಸೇರುತ್ತೇನೆ ಎಂದಾಗ, "ಹೋಗಲಿ ಬಿಡು, ಕಲ್ತದ್ದು ಕೊಳಿಬಾರದು" ಎಂದು ಮಗನ ಬಾಯಿ ಮುಚ್ಚಿಸಿದವರು ಅವರೇ. ಒಂದು ದಿನ ನಾನು ಬುತ್ತಿ ಮರೆತು ಹೋಗಿದ್ದೆ. ಅತ್ತೆ ಮುಂದಿನ ರೈಲು ಹತ್ತಿ ನೇರ ನನ್ನ ತರಗತಿಗೇ ಬಂದರು. ಬಾಗಿಲಲ್ಲಿ ಅವರನ್ನು ಕಂಡವಳೇ ನಾನು ಕುರ್ಚಿಯಿಂದ ಚಿಮ್ಮಿ ಎದ್ದೆ. ಟೀಚರ್ ಎದ್ದರು ಎಂದು ಹುಡುಗಿಯರೆಲ್ಲ ಎದ್ದರು. ಇಷ್ಟು ಮಂದಿ ಎದ್ದದ್ದು ನೋಡಿ ಅತ್ತೆ ಗಾಬರಿಯಾಗಿ, ರಾಷ್ಟ್ರಗೀತೆಯೋ ಏನೋ ಎಂದು, ಬುತ್ತಿ ಎದೆಗೊತ್ತಿ ನೆಟ್ಟಗೆ ನಿಂತುಬಿಟ್ಟರು. ಗಂಟೆ ಹೊಡೆಯುವತನಕ ನಾವ್ಯಾರೂ ಕೂಡಲಿಲ್ಲ.

ಅತ್ತೆಗೂ ಒಂದು ಹಾಡಿತ್ತು. ನಾನು ಹೊಸದಾಗಿ ಬಂದಾಗ ಹಿತ್ತಲಿನ ಮೂಲೆಯಲ್ಲಿ ಬೀಸುಕಲ್ಲು ಇತ್ತು. ನಸುಕಿನಲ್ಲಿ ಜೋಳ ಬೀಸುತ್ತ ಅವರು ಹಾಡುತ್ತಿದ್ದರು. ನಾನು ಹಾಸಿಗೆಯಲ್ಲೇ ಕಣ್ಣುಮುಚ್ಚಿ, ಇದು ಮೂರನೆಯ ಕರಿ ಮನೆ, ಕರಿ ಮೂರರ ದನಿ, ಅಲ್ಲೊಂದಿಷ್ಟು ಏರಿತು, ಎಂದು ಮನಸ್ಸಿನಲ್ಲೇ ಪೇಟಿಯ ಮನೆಗಳನ್ನು ಒತ್ತಿ ನೋಡುತ್ತಿದ್ದೆ. ಆಮೇಲೆ ವಾಡಿಗೆ ಹಿಟ್ಟಿನ ಗಿರಣಿ ಬಂತು. ಕಲ್ಲು ಹೊರಗೆ ಹೋಗಿ ತುಳಸಿಗೆ ಕಟ್ಟೆಯಾಯಿತು, ಹಾಡೂ ನಿಂತಿತು. "ಹಾಡ್ರಿ ಅತ್ತಿ" ಎಂದು ಒಮ್ಮೆ ಕೇಳಿದ್ದೆ. "ಕಲ್ಲಿನ ಸಪ್ಪಳ ಇಲ್ಲದ ಬಾಯಿ ಹ್ಯಾಂಗ ಬಿಡಲಿ? ಖಾಲಿ ಗಂಟಲ ಕೇಳ್ಲಿಕ್ಕ ನನಗ ನಾಚಿಕಿ ಬರ್ತದ" ಎಂದಿದ್ದರು. ಪೇಟಿಯ ಸುದ್ದಿ ಮಾತ್ರ ನಾನು ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಹೀಗೆ ಹದಿನೆಂಟು ವರ್ಷ ಹೋಯಿತು. ಅಷ್ಟರಲ್ಲಿ ಮೈಸೂರು ರಾಜ್ಯ ಹೋಗಿ ಕರ್ನಾಟಕ ಬಂದಿತ್ತು, ಮತ್ತು ನಮ್ಮ ಮನೆಗೆ ಕಾರು ಬಂತು.

ಕಾರ್ಖಾನೆಯ ಎಂಜಿನಿಯರ್ ಸಾಹೇಬರೊಬ್ಬರು ವರ್ಗವಾಗಿ ಹೋಗುವಾಗ ತಮ್ಮ ವಿಲಾಯತಿ ಕಾರನ್ನು ನಮ್ಮವರ ಕೊರಳಿಗೆ ಕಟ್ಟಿ ಹೋದರು. ನಮ್ಮವರಿಗೆ ಸೈಕಲ್ಲು ಕೂಡ ಇಳಿಜಾರಿನಲ್ಲಿ ಮಾತ್ರ ಬರುತ್ತಿತ್ತು. ಮೂರನೆಯ ದಿನವೇ ಭಂಕೂರದ ಹತ್ತಿರ, ರಸ್ತೆಯ ಬದಿಯಲ್ಲಿ ಒಟ್ಟಿದ್ದ ಫರ್ಸಿ ಕಲ್ಲಿನ ರಾಶಿಗೆ ಮುತ್ತಿಟ್ಟು ಬಂದರು. ಬಂದವರೇ ತಮ್ಮ ಕಣ್ಣು ಮಂದವಾಗಿದೆ ಎಂದು ಘೋಷಿಸಿ, ಕಾರಿನ ಹಿಂದಿನ ಸೀಟನ್ನು ತಮ್ಮ ಕಾಯಂ ಹುದ್ದೆ ಮಾಡಿಕೊಂಡರು. ಮುಂದಿನದು ಖಾಲಿ ಉಳಿಯಿತು. ಕೆಲವರಿಗೆ ಖಾಲಿ ಕುರ್ಚಿ ಕಂಡರೆ ತಡೆಯುವುದಿಲ್ಲ. ಅಂಥವರಲ್ಲಿ ನಾನು ಒಬ್ಬಳೆಂದು ಅದುವರೆಗೆ ನನಗೇ ಗೊತ್ತಿರಲಿಲ್ಲ.

ನನಗೆ ಕಲಿಸಿದವರು ಕಾರ್ಖಾನೆಯ ಲಾರಿ ನಡೆಸುತ್ತಿದ್ದ ಮೈಬೂಬ್ ಸಾಬ್ರು. ಬೆಳಗಿನ ಹೊತ್ತು ಕಾರ್ಖಾನೆಯ ಹಿಂದಿನ ಬಯಲಲ್ಲಿ ಪಾಠ. ಹೊಸ ಕಾರೆಂದರೆ ಹೊಸ ಅತ್ತೆಮನೆ ಇದ್ದ ಹಾಗೆ. ಏನು ಬೇಕು ಎಂದು ಬಾಯಿಬಿಟ್ಟು ಹೇಳುವುದಿಲ್ಲ, ತಪ್ಪಿದರೆ ಮಾತ್ರ ಸದ್ದು ಮಾಡುತ್ತದೆ. ಎರಡನೆಯ ಗೇರು ಮುದ್ದು ಮಾಡಿದರೆ ಬೀಳುತ್ತಿರಲಿಲ್ಲ, ಗುದ್ದಬೇಕಿತ್ತು. ಮೂರನೆಯದು ಗುದ್ದಿದರೆ ಬೀಳುತ್ತಿರಲಿಲ್ಲ, ಮುದ್ದು ಮಾಡಬೇಕಿತ್ತು. ತಿರುಗುವಾಗ ಬಾಗಿಲಿನ ಪಕ್ಕದ ಸಂದಿಯಿಂದ ಗೇಣುದ್ದದ ಕೆಂಪು ಕೈಯೊಂದು ಹೊರಗೆ ಚಾಚುತ್ತಿತ್ತು, ರೈಲ್ವೆ ಸಿಗ್ನಲ್ಲಿನ ಹಾಗೆಯೇ. ಎಡಗೈ ಚಾಚುತ್ತಿತ್ತು, ಬಲಗೈ ಒಳಗೇ ಸಿಕ್ಕಿಕೊಂಡಿತ್ತು. ಜಂಕ್ಷನ್ ಊರಿನ ಜನಕ್ಕೆ ಇದಕ್ಕಿಂತ ಮೋಜು ಬೇಕೆ? ನಾನು ಎಡಕ್ಕೆ ತಿರುಗಿದಾಗಲೆಲ್ಲ ಸ್ಟೇಷನ್ನಿನ ಪೋರ್ಟರುಗಳು, "ಅಕ್ಕೋರಿಗೆ ಲೈನ್ ಕ್ಲಿಯರ್ ಸಿಕ್ತು ನೋಡ್ರಿ" ಎಂದು ಕೂಗುತ್ತಿದ್ದರು.

ಇದೆಲ್ಲ ಹೇಗೋ ರೂಢಿಯಾಯಿತು. ರೂಢಿಯಾಗದ್ದು ನನ್ನ ಕಾಲು. ಹದಿನೆಂಟು ವರ್ಷದ ಮೇಲೆ ಅವುಗಳ ಕೆಳಗೆ ಮತ್ತೆ ಪೆಡಲು ಸಿಕ್ಕಿದ್ದವು. ನನ್ನನ್ನೇನೂ ಕೇಳದೆ ಅವು ತಮ್ಮ ಹಳೆಯ ಕೆಲಸ ಶುರು ಮಾಡಿದವು. ಎಡ, ಬಲ, ಎಡ, ಬಲ. ಕಾರು ಒಮ್ಮೆ ಗುಟುರು ಹಾಕುವುದು, ಒಮ್ಮೆ ಉಸಿರು ಬಿಡುವುದು, ಮತ್ತೆ ಗುಟುರು ಹಾಕುವುದು. ಮೈಬೂಬ್ ಸಾಬ್ರು ನಾಲ್ಕು ದಿನ ಹಲ್ಲು ಕಚ್ಚಿ ಕೂತಿದ್ದರು. ಐದನೆಯ ದಿನ ಕೇಳಿಯೇಬಿಟ್ಟರು.

"ಅಕ್ಕೋರ, ಸಿಟ್ಟಿಗೇಳಬ್ಯಾಡ್ರಿ. ನಿಮ್ಮನ್ಯಾಗ ಬಟ್ಟಿ ಹೊಲಿಯೋ ಸಿಲಾಯಿ ಮಿಷನ್ ಅದ ಏನು?"

"ಇಲ್ಲ."

"ಮತ್ತ ಈ ಕಾಲಿಗಿ ಇದನ್ನ ಕಲಸ್ದೋರು ಯಾರ್ರಿ?"

"ನಮ್ಮಪ್ಪ. ಈಗ ಅವರಿಲ್ಲ."

"ಡ್ರೈವರ್ ಇದ್ರೇನು ನಿಮ್ಮಪ್ಪ?" ಅವರ ಮುಖದಲ್ಲಿ, ಸತ್ತವನ ಮೇಲೆ ಸಿಟ್ಟು ಮಾಡಬಾರದು ಎನ್ನುವ ಸಂಕಟ ಕಾಣುತ್ತಿತ್ತು.

ಕೊನೆಗೆ ಪೇಟಿಯ ವಿಷಯ ಹೇಳಿದೆ. ವಾಡಿಯಲ್ಲಿ ಅದನ್ನು ನಾನು ಬಾಯಿಬಿಟ್ಟು ಹೇಳಿದ್ದು ಮೊದಲು ಅವರಿಗೇ. ಮೈಬೂಬ್ ಸಾಬ್ರು ಬೀಡಿ ಹಚ್ಚಿ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಂಗಾದ್ರ ಹಿಂಗ ತಿಳ್ಕೋರಿ. ಎಡಗಾಲು ತುಳದ್ರ ಪೇಟಿ ಬಂದ್. ಎಡಗಾಲು ಬಿಟ್ರ ಪೇಟಿ ಚಾಲೂ. ಅಷ್ಟ" ಎಂದರು. ಅವತ್ತಿನಿಂದ ಕಾರು ನೆಟ್ಟಗೆ ಓಡಿತು. ನನಗೆ ಪಾಠ ಹೇಳಿದವರಲ್ಲಿ ಇಷ್ಟು ಚೊಕ್ಕವಾಗಿ ಹೇಳಿದವರು ಇನ್ನೊಬ್ಬರಿಲ್ಲ. ಆದರೆ ಆ ಪಾಠವೇ ಮುಂದೆ ನನ್ನನ್ನು ಕಾಡಲಿತ್ತು.

ಆ ಮಳೆಗಾಲದ ಮೊದಲಿಗೆ ಚಿಂಚೋಳಿಯಿಂದ ಅಣ್ಣನ ಕಾರ್ಡು ಬಂತು. ಅಪ್ಪ ಹೋಗಿ ಆಗ ಆರು ವರ್ಷ. ಮನೆಯ ಮಾಳಿಗೆ ಬಿಚ್ಚಿ ಹೊಸದಾಗಿ ಕಟ್ಟಿಸುತ್ತಾನಂತೆ. "ಪೇಟಿ ಮೇಲೆ ಈಗ ಉಪ್ಪಿನಕಾಯಿ ಭರಣಿ ಇಟ್ಟಿದ್ದೇವೆ. ಬಾರಿಸುವಿಯಾದರೆ ಒಯ್ಯಿ. ಬಾರಿಸದೆ ಇಡುವುದಾದರೆ ಬೇಡ, ಇಲ್ಲಿ ಮಠದ ಭಜನೆಯವರು ಕೇಳುತ್ತಿದ್ದಾರೆ, ದಿನಾ ಬಾರಿಸುತ್ತಾರೆ. ಅಪ್ಪನ ಮಾತು ನಿನಗೂ ಗೊತ್ತು" ಎಂದು ಬರೆದಿದ್ದ. ಕಾರ್ಡು ಎಲ್ಲರೂ ಓದುವಂಥದ್ದು. ನಮ್ಮವರು ಅದನ್ನು ಗಟ್ಟಿಯಾಗಿ ಓದಿದರು. ಅತ್ತೆ ಅಕ್ಕಿ ಆರಿಸುತ್ತಿದ್ದರು, ತಲೆ ಎತ್ತಲಿಲ್ಲ.

"ಇಡೋದೆಲ್ಲಿ?" ಎಂದರು ನಮ್ಮವರು.

"ತರ್ತೀನಿ" ಎಂದೆ. ಎಲ್ಲಿ ಇಡುವುದು ಎನ್ನುವುದಕ್ಕೆ ಅದು ಉತ್ತರವಲ್ಲ. ಆದರೆ ಕೊಟ್ಟುಬಿಡು ಎಂದು ಬರೆಯಲು ನನ್ನ ಕೈ ಏಳಲಿಲ್ಲ.

"ನಾನೂ ಬರ್ತೀನಿ. ಮೋಟಾರ ಬಂದಾಗಿಂದ ಅದರಾಗ ಒಂದ್ಸಲನೂ ಕುಂತಿಲ್ಲ" ಎಂದರು ಅತ್ತೆ, ಅಕ್ಕಿಯೊಳಗಿನ ಕಲ್ಲೊಂದನ್ನು ಬೀಸಾಡಿ.

ಹೊರಟ ದಿನ ಹಿಂದಿನ ಸೀಟಿನಲ್ಲಿ ಕೂತರೆ ಅತ್ತೆಗೆ ವಾಂತಿ ಬರುವಂತಾಯಿತು. ಹೀಗಾಗಿ ಸ್ಟೇಷನ್ ದಾಟುವ ಮೊದಲೇ ಅವರನ್ನು ಮುಂದೆ, ನನ್ನ ಎಡಕ್ಕೆ ಕೂಡಿಸಿದೆವು. ಅತ್ತೆ ಸೆರಗು ಸರಿ ಮಾಡಿಕೊಂಡು, ಎರಡೂ ಕೈ ತೊಡೆಯ ಮೇಲೆ ಇಟ್ಟು, ರಸ್ತೆಯನ್ನು ಒಮ್ಮೆ ನೋಡಿ, "ಹಾಂ, ಹೊಡಿ ಈಗ. ಸಾವಕಾಶ" ಎಂದರು. ಅವರ ತವರಿನ ಕಮಾನುಗಾಡಿಯವನಿಗೆ ಹೇಳುತ್ತಿದ್ದ ಮಾತಂತೆ ಅದು.

ಚಿತ್ತಾಪುರ ದಾಟಿ ಸೇಡಂನಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಹೋಟೆಲಿನವನು ಬೆಂಚು ಒರೆಸಿ ಕೊಟ್ಟ. ಅತ್ತೆ ಕೂತರು, ನಮ್ಮವರು ಕೂತರು. ನಾನು ಬೇವಿನ ಗಿಡಕ್ಕೆ ಒರಗಿ ನಿಂತು ಬಸಿಯಲ್ಲಿ ಚಹಾ ಊದಿ ಕುಡಿದೆ. ಅತ್ತೆ ನನ್ನನ್ನು ನೋಡಿದರು, ಆಮೇಲೆ ಕಾರನ್ನು ನೋಡಿದರು. ಏನೋ ಲೆಕ್ಕ ಹಾಕುವವರಂತೆ ಮತ್ತೆ ನನ್ನ ಕಡೆ ತಿರುಗಿದರು.

"ಯಾಕ ನಿಂತಿ?" ಎಂದರು.

"ಕುಂತು ಕುಂತು ಕಾಲು ಜೋಮು ಹಿಡದಾವ್ರಿ ಅತ್ತಿ" ಎಂದೆ. ಸುಳ್ಳು ಹೇಳಿದರೂ ಮರ್ಯಾದೆಯ ಸುಳ್ಳು ಹೇಳಬೇಕು.

ಸೇಡಂ ಬಿಟ್ಟ ಮೇಲೆ ರಸ್ತೆ ಖಾಲಿ. ಎರಡೂ ಕಡೆ ಹಸಿ ಕರಿಮಣ್ಣು, ಆಗ ತಾನೇ ಮೊಳೆತ ತೊಗರಿ. ಮೋಡ ಮುಚ್ಚಿ ತಂಪಾಗಿತ್ತು. ಕಾರು ಕೊನೆಯ ಗೇರಿಗೆ ಬಿದ್ದು ಒಂದೇ ಸಮನೆ ಗುಂಯ್‌ಗುಡುತ್ತ ಓಡುತ್ತಿತ್ತು. ಹಿಂದೆ ನಮ್ಮವರಿಗೆ ನಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಕಾರಿನ ಸದ್ದಿನೊಳಗೆ ಇನ್ನೊಂದು ಸದ್ದು ಸೇರಿದ್ದು ನನಗೆ ಗೊತ್ತಾಯಿತು. ಏನೋ ಸಡಿಲಾಯಿತು ಎಂದುಕೊಂಡೆ. ಸಡಿಲಾದದ್ದು ಕಾರಲ್ಲ. ಅತ್ತೆ ಹಾಡುತ್ತಿದ್ದರು.

ಕಣ್ಣು ತೊಗರಿ ಹೊಲದ ಮೇಲೆ, ಬಲಗೈ ತೊಡೆಯ ಮೇಲೆ ಸಣ್ಣಗೆ ಸುತ್ತು ತಿರುಗುತ್ತಿತ್ತು, ಬೀಸುಕಲ್ಲಿನ ಗೂಟ ಹಿಡಿದ ಹಾಗೆ. ಅದೇ ಹಳೆಯ ಬೀಸುವ ಹಾಡು, ಅದೇ ಕರಿ ಮೂರು, ಒಂದಿಷ್ಟು ನಡುಗುವ ದನಿ. ಹನ್ನೆರಡು ವರ್ಷದಿಂದ ಕೇಳಿರಲಿಲ್ಲ. ಹಾಡಿನ ಜೊತೆಗೇ ನನ್ನ ಬೆರಳುಗಳು ಸ್ಟಿಯರಿಂಗಿನ ಮೇಲೆ ಮನೆ ಹುಡುಕತೊಡಗಿದವು. ಬೆರಳು ಎದ್ದ ಮೇಲೆ ಕಾಲು ಸುಮ್ಮನಿರುತ್ತವೆಯೆ? ಎಡ, ಬಲ, ಎಡ, ಬಲ. ಕಾರು ಕಪ್ಪೆಯ ಹಾಗೆ ನಾಲ್ಕು ಸಲ ಕುಪ್ಪಳಿಸಿ, ಒಂದು ದೊಡ್ಡ ಆಕಳಿಕೆ ತೆಗೆದು, ರಸ್ತೆಯ ನಟ್ಟನಡುವೆ ನಿಂತಿತು. ನಮ್ಮವರು ಮುಂದಿನ ಸೀಟಿಗೆ ಹಣೆ ಬಡಿದು ಎಚ್ಚರಾಗಿ, "ಫರ್ಸಿಗೆ ಹೊಡದಿ ಏನು?" ಎಂದರು.

ಹಾಡು ನಿಂತಿತ್ತು. ಅತ್ತೆ ನನ್ನ ಕಾಲುಗಳನ್ನೇ ನೋಡುತ್ತಿದ್ದರು.

"ಏನ್ ಮಾಡ್ಲಿಕತ್ತಿದ್ದಿ ಅದು?" ಎಂದರು.

"ಏನಿಲ್ರಿ ಅತ್ತಿ. ಕಾಲು ತಪ್ಪಿತು."

ಅತ್ತೆ ಸೆರಗು ಸರಿ ಮಾಡಿಕೊಂಡು, "ಹಾಂ, ಹೊಡಿ ಈಗ. ಸಾವಕಾಶ" ಎಂದರು. ಚಿಂಚೋಳಿ ಬರುವತನಕ ಮತ್ತೆ ಹಾಡಲಿಲ್ಲ. ನನಗೆ ಕಾರಿನ ಮೇಲೂ ನನ್ನ ಕಾಲಿನ ಮೇಲೂ ಭಾಳ ಸಿಟ್ಟು ಬಂದಿತ್ತು.

ತವರುಮನೆಯಲ್ಲಿ ಪೇಟಿಯ ಮೇಲಿನ ಭರಣಿ ಇಳಿಸಿ, ಮುಚ್ಚಳ ತೆಗೆದು ನೋಡಿದೆ. ಬಿಳಿ ಮನೆಗಳು ಹಳದಿಯಾಗಿದ್ದವು. ಅಪ್ಪ ಬೆರಳು ಇಡುತ್ತಿದ್ದ ಜಾಗದಲ್ಲಿ ತಗ್ಗು ಬಿದ್ದಿತ್ತು. ಅತ್ತೆ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ನಾನು ನಿಂತುಕೊಂಡೇ ಒಂದು ಕಾಲಿನಿಂದ ಪೆಡಲು ತುಳಿದು, ಒಂದು ಸ್ವರ ಒತ್ತಿದೆ. ಕೆಮ್ಮಿದ ಹಾಗೆ ಸದ್ದು ಬಂತು. ಅಣ್ಣ ನಮ್ಮಿಬ್ಬರನ್ನೂ ನೋಡಿದ. ಅವನಿಗೆ ಎಲ್ಲ ಅರ್ಥವಾಗುತ್ತದೆ, ಅದೇ ಅವನ ಕೆಟ್ಟ ಗುಣ.

"ನಿಂತು ಬಾರಿಸೋದು ಯಾವಾಗ ಕಲ್ತಿ?" ಎಂದ. ಕಾರಿನ ಮೇಲೆ ಗೋಣಿತಟ್ಟು ಹಾಸಿ ಪೇಟಿಯನ್ನು ಹಗ್ಗದಿಂದ ಬಿಗಿಯುತ್ತಾ, "ನಾಗರ ಪಂಚಮಿಗಿ ನಿನ್ನ ತವರಿಗಿ ಕರಿಲಾಕ ಬರ್ತೀನಲ್ಲ, ಅವತ್ತ ಒಂದು ಬಾರ್ಸಿ ತೋರಸು. ಇಲ್ಲಂದ್ರ ನಿನ್ನ ಜೋಡಿ ಪೇಟಿನೂ ಕರ್ಕೊಂಡ ಬರ್ತೀನಿ. ಅದು ಮಠಕ್ಕ ಹೋಗ್ತದ" ಎಂದ. ನಗುತ್ತಲೇ ಹೇಳಿದ, ಆದರೆ ಅವನು ಹೇಳಿದ್ದು ಖರೆ ಎಂದು ನನಗೆ ಗೊತ್ತಿತ್ತು.

ಪಂಚಮಿಗೆ ಒಂದು ತಿಂಗಳಿತ್ತು. ಪೇಟಿ ನಮ್ಮ ಹೊರಕೋಣೆಯ ಗೋಡೆಗೆ ಒರಗಿ, ಹಳೆಯ ಚಾದರ ಹೊದ್ದು ನಿಂತಿತು. ಮುಂದಿಟ್ಟ ಕುರ್ಚಿ ಖಾಲಿ. ನಾನು ಶಾಲೆಯಿಂದ ಬರುವುದು, ಚಾದರ ಕೊಡವುವುದು, ಮತ್ತೆ ಹೊದಿಸುವುದು. ಮನೆಯಲ್ಲಿ ನನಗೆ ಎಂದೂ ಅಷ್ಟು ಕೆಲಸ ಇದ್ದದ್ದಿಲ್ಲ. ತಾಮ್ರದ ಹಂಡೆ ಬೆಳಗಿದೆ, ವರ್ಷದ ಹುಣಸೆಹಣ್ಣು ಬಿಡಿಸಿದೆ, ಪರೀಕ್ಷೆ ಇಲ್ಲದ ತಿಂಗಳಲ್ಲಿ ಪರೀಕ್ಷೆ ಮಾಡಿ ಉತ್ತರಪತ್ರಿಕೆ ತಂದೆ. ಅತ್ತೆ ಆ ಕೋಣೆಯಲ್ಲೇ 'ನಾ ಏನೂ ನೋಡೂದಿಲ್ಲ' ಎನ್ನುವಂತೆ ಬತ್ತಿ ಹೊಸೆಯುತ್ತ ಕೂತಿರುತ್ತಿದ್ದರು. ಪಂಚಮಿ ಹತ್ತಿರ ಬಂದ ಹಾಗೆ ನನಗೆ ಊಟ ಸೇರದಂತಾಯಿತು.

ಅಣ್ಣ ಬರುವ ಹಿಂದಿನ ದಿನ ರವಿವಾರ. ನಮ್ಮವರಿಗೆ ಕಾರ್ಖಾನೆಯಲ್ಲಿ ಕೆಲಸ. ಮಧ್ಯಾಹ್ನ ಅತ್ತೆ ಪಕ್ಕದ ಮನೆಯವರ ಜೊತೆ ಪಂಚಮಿಯ ಉಂಡಿ ಕಟ್ಟಲು ಹೋದರು. ಅವರ ಚಪ್ಪಲಿಯ ಸದ್ದು ದೂರವಾದದ್ದೇ ತಡ, ನಾನು ಬಾಗಿಲು ಮುಂದೆ ಮಾಡಿ, ಚಾದರ ತೆಗೆದು, ಕುರ್ಚಿಯ ಮೇಲೆ ಕೂತೆ. ಕಳ್ಳತನ ಮಾಡುವವರ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ಅವತ್ತು ತಿಳಿಯಿತು. ಬಲಗಾಲು ತುಳಿದೆ, ಸ್ವರ ಬಂತು. ಎಡಗಾಲು ತುಳಿದೆ, ಬೆರಳು ತಾವಾಗಿ ಮನೆಯ ಮೇಲಿಂದ ಎದ್ದುಬಿಟ್ಟವು. ಎಡಗಾಲು ತುಳಿದರೆ ಪೇಟಿ ಬಂದ್! ಮೈಬೂಬ್ ಸಾಬ್ರ ಪಾಠ. ಮತ್ತೆ ಬಲ, ಸ್ವರ. ಮತ್ತೆ ಎಡ, ಮೌನ. ಅದಲ್ಲದೆ ಸ್ವರ ಬದಲಾಯಿಸುವಾಗಲೆಲ್ಲ ಎಡಗೈ ಪೇಟಿಯ ಪಕ್ಕದಲ್ಲಿ ಇಲ್ಲದ ಗೇರನ್ನು ಹುಡುಕುತ್ತಿತ್ತು. ಒಂದು ಸಾಲು ಬಾರಿಸುವಷ್ಟರಲ್ಲಿ ಮೂವತ್ತು ಕಡೆ ನಿಂತೆ. ಪ್ಯಾಸೆಂಜರ್ ಗಾಡಿಯೂ ಅಷ್ಟು ನಿಲ್ಲುವುದಿಲ್ಲ.

ನಗು ಬರಬೇಕಿತ್ತು, ಅಳು ಬಂತು. ಮಠಕ್ಕೆ ಹೋಗಲಿ ಬಿಡು, ಅಲ್ಲಿಯಾದರೂ ಅದನ್ನು ಸರಿಯಾಗಿ ಮಾತಾಡಿಸುವವರಿದ್ದಾರೆ ಎಂದುಕೊಂಡೆ. ಆದರೂ ಕಾಲು ಬಿಡಲಿಲ್ಲ. ಅತ್ತೆಯ ಬೀಸುವ ಹಾಡು ಹುಡುಕತೊಡಗಿದೆ, ಕರಿ ಮೂರರಿಂದ. ಎರಡು ಸಲ ತಪ್ಪಿತು. ಮೂರನೆಯ ಸಲಕ್ಕೆ ಅರ್ಧ ಸಾಲು ಮುರಿಯದೆ ಬಂತು.

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಕೈಯಲ್ಲಿ ಶೇಂಗಾ ಉಂಡಿಯ ಡಬ್ಬಿ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ನಾನು ಕುರ್ಚಿಯಿಂದ ಚಿಮ್ಮಿ ಎದ್ದೆ. ತಿದಿಯಲ್ಲಿ ಉಳಿದ ಗಾಳಿ ಕೊಂಯ್ ಎಂದು ಹೊರಗೆ ಹೋಯಿತು.

"ಯಾಕ ಎದ್ದಿ?" ಎಂದರು ಅತ್ತೆ.

ನಾನು ಸೆರಗು ಎಳೆದುಕೊಂಡೆ.

"ಚಿಂಚೋಳಿ ತನಕ ನನ್ನ ಬಾಜೂಕ ಕುಂತು ಎರಡೂ ಕಾಲು ಆಡ್ಸಕೋತ ಹೋದಿ. ಅವತ್ತ ಆ ಮರ್ಯಾದಿ ಎಲ್ಲಿ ಇಟ್ಟು ಬಂದಿದ್ದಿ?"

"ಅದು ಕಾರ್ರಿ ಅತ್ತಿ."

"ಕುರ್ಚಿ ಕುರ್ಚೀನೇ. ಕುಂದ್ರಬ್ಯಾಡ ಅಂತ ನಾ ಯಾವತ್ತರ ಅಂದೀನೇನು?"

ಹದಿನೆಂಟು ವರ್ಷದಲ್ಲಿ ನಾನು ಅವರಿಗೆ ಎದುರುತ್ತರ ಕೊಟ್ಟವಳಲ್ಲ. ಅವತ್ತು ಹೇಗೋ ಬಾಯಿಗೆ ಬಂತು. "ಕುಂದ್ರು ಅಂತನೂ ಅಂದಿಲ್ರಿ" ಎಂದೆ.

ಅತ್ತೆ ಡಬ್ಬಿಯನ್ನು ಮೆಲ್ಲಗೆ ಕಿಟಕಿಯಲ್ಲಿ ಇಟ್ಟರು. ಸಿಟ್ಟು ಬಂತೇನೋ ಎಂದು ನಾನು ನೆಲ ನೋಡುತ್ತಾ ನಿಂತೆ.

"ನನಗೂ ನಮ್ಮತ್ತಿ ಅಂದಿದ್ದಿಲ್ಲವ್ವ" ಎಂದರು. "ಅನ್ನಬೇಕು ಅಂಬೋದು ನನಗ ಗೊತ್ತಽ ಇದ್ದಿಲ್ಲ."

ಆಮೇಲೆ ಮೂಲೆಯಲ್ಲಿದ್ದ ಇನ್ನೊಂದು ಕುರ್ಚಿಯನ್ನು, ಆ ಮನೆಯಲ್ಲಿ ತಾವು ಒಂದು ದಿನವೂ ಕೂತಿರದ ಕುರ್ಚಿಯನ್ನು, ಫರ್ಸಿಯ ಮೇಲೆ ಕರ್ರನೆ ಎಳೆದು ತಂದರು. ನನ್ನ ಕುರ್ಚಿಯ ಎಡಕ್ಕೆ, ಕಾರಿನಲ್ಲಿ ಇದ್ದಷ್ಟೇ ದೂರಕ್ಕೆ ಹಾಕಿದರು. ಬಿದ್ದೇನು ಎನ್ನುವ ಹಾಗೆ ಹಿಡಿಕೆ ಹಿಡಿದು ಕೂತರು. ನನ್ನ ಕೈ ಜಗ್ಗಿ ನನ್ನನ್ನೂ ಕೂಡಿಸಿದರು. ಸೆರಗು ಸರಿ ಮಾಡಿಕೊಂಡು, ಎರಡೂ ಕೈ ತೊಡೆಯ ಮೇಲಿಟ್ಟು, ಎದುರಿನ ಗೋಡೆಯನ್ನು ರಸ್ತೆಯ ಹಾಗೆ ಒಮ್ಮೆ ನೋಡಿ, ಗಂಟಲು ಸರಿಪಡಿಸಿಕೊಂಡರು.

"ಹಾಂ, ಹೊಡಿ ಈಗ" ಎಂದರು. "ಸಾವಕಾಶ."